ಸೋಲಾರ್ ಕೆಲಸ ಇರುವುದು ನಮ್ಮ ತಾರಸಿಗಳ ಮೇಲೆ

ಮಾನ್ಯ ಸಂಪಾದಕರೇ,

ಸೋಲಾರ್ ಸುದ್ದಿ ಬಂದಾಗಲೆಲ್ಲ ತಲೆಬರಹದಲ್ಲಿ ಎರಡು ಸಂಖ್ಯೆ ಇರುತ್ತವೆ. ಎಷ್ಟು ಮೆಗಾವ್ಯಾಟ್, ಎಷ್ಟು ಸಾವಿರ ಕೋಟಿ. ಅದರಿಂದ ಎಷ್ಟು ಜನರಿಗೆ ಕೆಲಸ ಸಿಕ್ಕಿತು, ಆ ಕೆಲಸ ಎಷ್ಟು ದಿನ ಉಳಿಯಿತು, ಯಾವ ಊರಿನವರಿಗೆ ಸಿಕ್ಕಿತು ಅನ್ನುವುದು ಸುದ್ದಿಯ ಕೊನೆಯಲ್ಲೂ ಇರುವುದಿಲ್ಲ. ಪತ್ರ ಸ್ವಲ್ಪ ಉದ್ದವಾಗುತ್ತದೆ, ಆದರೂ ದಯವಿಟ್ಟು ಪೂರ್ತಿ ಹಾಕಿ. ಈ ಕೆಲಸ ಮಾಡುವವರ ಕಡೆಯಿಂದ ಬರುವ ಮಾತು ಕಡಿಮೆ.

ಪೀಣ್ಯ ಎರಡನೇ ಹಂತದಲ್ಲಿ ನಮ್ಮದೊಂದು ಸಣ್ಣ ಫ್ಯಾಬ್ರಿಕೇಷನ್ ಶೆಡ್ ಇದೆ. ತಾರಸಿ ಮೇಲೆ ಸೋಲಾರ್ ಪ್ಯಾನೆಲ್ ಕೂರಿಸುವ ಕಬ್ಬಿಣದ ಸ್ಟ್ರಕ್ಚರ್ ಮಾಡುತ್ತೇವೆ. ಶೆಡ್ ಹಾಕಿದವರು ನಮ್ಮ ಮಾವ. ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ಕೆಲಸ ಕಲಿತವರು. ಪೀಣ್ಯದ ಎಷ್ಟೋ ಶೆಡ್‌ಗಳ ಕಥೆ ಹೀಗೇ ಶುರುವಾಗಿದೆ. ಅವರ ಕಾಲದಲ್ಲಿ ಮಷೀನ್ ಬಿಡಿಭಾಗ ಮಾಡುತ್ತಿದ್ದರು, ಆಮೇಲೆ ಸೋಲಾರ್ ವಾಟರ್ ಹೀಟರ್‌ಗೆ ಸ್ಟ್ಯಾಂಡ್, ಈಗ ಪ್ಯಾನೆಲ್‌ಗೆ ಸ್ಟ್ರಕ್ಚರ್. ಯಜಮಾನರು ಸೈಟ್ ನೋಡಿಕೊಳ್ಳುತ್ತಾರೆ. ಶೆಡ್, ಲೆಕ್ಕ, ಸಂಬಳ ನನ್ನದು.

ಬೆಂಗಳೂರಿಗೆ ಸೋಲಾರ್ ಹೊಸದಲ್ಲ. ಯಾವ ಬಡಾವಣೆಗೆ ಹೋದರೂ ತಾರಸಿ ಮೇಲೆ ನೀರು ಕಾಯಿಸುವ ಹೀಟರ್ ಕಾಣುತ್ತದೆ. ಹೊಸ ಮನೆಗಳಿಗೆ ಅದನ್ನು ಕಡ್ಡಾಯ ಮಾಡಿದರು. ಕರೆಂಟ್ ಬಿಲ್ಲಿನಲ್ಲಿ ತಿಂಗಳಿಗೆ 50 ರೂಪಾಯಿವರೆಗೆ ರಿಯಾಯಿತಿ ಕೊಟ್ಟರು. ಇಷ್ಟು ಸಣ್ಣ ನಿಯಮಗಳಿಂದಲೇ ಟ್ಯಾಂಕ್ ಮಾಡುವವರು, ಸ್ಟ್ಯಾಂಡ್ ಮಾಡುವವರು, ಪೈಪ್ ಜೋಡಿಸುವ ಪ್ಲಂಬರ್‌ಗಳು, ಟೆಂಪೋದವರು ಬದುಕು ಕಟ್ಟಿಕೊಂಡರು. ಇವತ್ತು ದೊಡ್ಡದಾಗಿ ಪ್ಯಾನೆಲ್ ತಯಾರಿಸುವ ಎಮ್‌ವೀ ಕಂಪನಿ ಕೂಡ 1992ರಲ್ಲಿ ಇದೇ ನಗರದಲ್ಲಿ ಶುರುವಾಗಿದ್ದು ವಾಟರ್ ಹೀಟರ್‌ನಿಂದ. ಟಾಟಾದವರು 1989ರಲ್ಲೇ ಇಲ್ಲಿ ಸೋಲಾರ್ ಕಂಪನಿ ಶುರು ಮಾಡಿದ್ದರು. ಹಳ್ಳಿ ಮನೆಗಳಿಗೆ ಸೋಲಾರ್ ದೀಪ ತಲುಪಿಸಿದ ಸೆಲ್ಕೋ 1995ರಲ್ಲಿ ಇಲ್ಲಿಂದಲೇ ಹೊರಟಿತು. ಅದನ್ನು ಕಟ್ಟಿದ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಕೆಲಸ ಬಲ್ಲ ಕೈಗಳು ನಮ್ಮಲ್ಲಿ ಮೊದಲಿಂದಲೂ ಇವೆ.

ಈಗ ವಿಷಯಕ್ಕೆ ಬರುತ್ತೇನೆ. ಅಂತರರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಸಂಸ್ಥೆ ಐರೀನಾ ಕೊಟ್ಟ ಲೆಕ್ಕದಂತೆ 2023ರಲ್ಲಿ ಜಗತ್ತಿನಲ್ಲಿ 1.62 ಕೋಟಿ ಜನ ಸೋಲಾರ್ ಸೇರಿದಂತೆ ಎಲ್ಲ ನವೀಕರಿಸಬಹುದಾದ ಇಂಧನದ ಕೆಲಸಗಳಲ್ಲಿ ದುಡಿಯುತ್ತಿದ್ದರು. ಚೀನಾದಲ್ಲೇ ಸುಮಾರು 74 ಲಕ್ಷ. ನಮ್ಮ ದೇಶದಲ್ಲಿ 10 ಲಕ್ಷದ ಆಸುಪಾಸು. ನಾವು ಇನ್ನೂ ಎಷ್ಟು ದೂರ ಹೋಗಬಹುದು ಅನ್ನುವುದು ಇದರಲ್ಲೇ ಗೊತ್ತಾಗುತ್ತದೆ. ಆದರೆ ನನ್ನ ಕಣ್ಣು ನೆಟ್ಟಿರುವುದು ಇನ್ನೊಂದು ಲೆಕ್ಕದ ಮೇಲೆ. ಇಂಧನ, ಪರಿಸರದ ವಿಷಯ ನೋಡುವ ಸಿಇಇಡಬ್ಲ್ಯು ಮತ್ತು ಎನ್‌ಆರ್‌ಡಿಸಿ ಸಂಸ್ಥೆಗಳು 2017ರಲ್ಲಿ ಸೇರಿ ಮಾಡಿದ ಅಧ್ಯಯನ ಅದು. ಬಯಲಿನಲ್ಲಿ ದೊಡ್ಡ ಸೋಲಾರ್ ಪಾರ್ಕ್ ಮಾಡಿದರೆ ಒಂದು ಮೆಗಾವ್ಯಾಟ್‌ಗೆ ಹುಟ್ಟುವ ಕೆಲಸ ಸುಮಾರು ಮೂರೂವರೆ. ಅದೇ ಒಂದು ಮೆಗಾವ್ಯಾಟನ್ನು ತಾರಸಿಗಳ ಮೇಲೆ ಹಂಚಿ ಹಾಕಿದರೆ ಸುಮಾರು 25. ಏಳು ಪಟ್ಟು ಜಾಸ್ತಿ.

ಶೆಡ್‌ನಲ್ಲಿ ನಿಂತವರಿಗೆ ಇದು ಆಶ್ಚರ್ಯ ಅನ್ನಿಸುವುದಿಲ್ಲ. ಪಾರ್ಕ್‌ನಲ್ಲಿ ಒಂದೇ ನಮೂನೆಯ ಕಂಬ ಸಾವಿರಾರು, ಮಷೀನ್ ನೆಡುತ್ತದೆ. ಬೆಂಗಳೂರಿನಲ್ಲಿ ಒಂದು ತಾರಸಿಯಂತೆ ಇನ್ನೊಂದು ಇರುವುದಿಲ್ಲ. ಒಂದು ಕಡೆ ನೀರಿನ ಟ್ಯಾಂಕಿನ ನೆರಳು. ಇನ್ನೊಂದು ಕಡೆ ಪಕ್ಕದ ಮನೆಯವರು ಎಬ್ಬಿಸಿದ ನಾಲ್ಕನೇ ಅಂತಸ್ತು. ಮತ್ತೊಂದು ಮನೆಯಲ್ಲಿ ಅಜ್ಜಿ ಸಂಡಿಗೆ ಒಣಗಿಸುವ ಜಾಗ ಬಿಡಬೇಕು ಅಂತ ಹಟ ಹಿಡಿದಿರುತ್ತಾರೆ. ಅದಕ್ಕೇ ಇಲ್ಲಿ ಎಲ್ಲರೂ ಎತ್ತರದ ಸ್ಟ್ರಕ್ಚರ್ ಕೇಳುತ್ತಾರೆ. ಕೆಳಗೆ ಓಡಾಡಬೇಕು, ಬಟ್ಟೆ ಒಣಗಬೇಕು. ಪ್ರತಿ ಮನೆಗೂ ಅಳತೆ ಬೇರೆ, ಡ್ರಾಯಿಂಗ್ ಬೇರೆ.

ಮೂರು ಕಿಲೋವ್ಯಾಟ್‌ನ ಒಂದು ಮನೆ ತೆಗೆದುಕೊಳ್ಳಿ. ದೊಡ್ಡ ಸೈಜಿನ ಪ್ಯಾನೆಲ್ ಆದರೆ ಆರು ಸಾಕು. ಒಂದೊಂದೂ ಸುಮಾರು 28 ಕೆ.ಜಿ. ಆರನ್ನೂ ಎತ್ತರದಲ್ಲಿ ಚಪ್ಪರದ ಥರ ಹರಡಿದರೆ ಗಾಳಿ ಕೆಳಗಿಂದ ನುಗ್ಗಿ ಮೇಲಕ್ಕೆ ಎತ್ತುತ್ತದೆ. ಭಾರಕ್ಕಿಂತ ಈ ಎಳೆತಕ್ಕೇ ನಾವು ಜಾಸ್ತಿ ಹೆದರುವುದು. ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್ ವೇಗದ ಗಾಳಿ ಹಿಡಿದು ಲೆಕ್ಕ ಹಾಕಬೇಕು ಎನ್ನುತ್ತದೆ ಭಾರತೀಯ ಮಾನಕ. ಗಂಟೆಗೆ ಸುಮಾರು 119 ಕಿ.ಮೀ. ಆಯಿತು. ಏಪ್ರಿಲ್, ಮೇ ತಿಂಗಳ ಸಂಜೆ ಮಳೆಗೆ ಮುಂಚೆ ಬೀಸುತ್ತದಲ್ಲ, ಆ ಗಾಳಿಯನ್ನು ನೋಡಿದವರಿಗೆ ಈ ಲೆಕ್ಕ ಯಾಕೆ ಬೇಕು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಪೈಪ್ ಕತ್ತರಿಸಿ, ವೆಲ್ಡಿಂಗ್ ಮಾಡಿ, ತೂತು ಕೊರೆದ ಮೇಲೆ ಮಾಲು ಗ್ಯಾಲ್ವನೈಸಿಂಗ್‌ಗೆ ಹೋಗುತ್ತದೆ. ಅಲ್ಲಿ ಸುಮಾರು 450 ಡಿಗ್ರಿಯಲ್ಲಿ ಕರಗಿದ ಸತುವಿನ ತೊಟ್ಟಿಯಲ್ಲಿ ಮುಳುಗಿಸಿ ತೆಗೆಯುತ್ತಾರೆ. ಪೈಪಿನ ಎರಡೂ ತುದಿ ಮುಚ್ಚಿದ್ದು, ಗಾಳಿ ಹೋಗಲು ತೂತು ಇಲ್ಲದಿದ್ದರೆ ಒಳಗೆ ಸಿಕ್ಕಿಕೊಂಡ ಗಾಳಿ, ತೇವ ಹಿಗ್ಗಿ ಪೈಪ್ ಸಿಡಿಯುತ್ತದೆ. ತೊಟ್ಟಿ ಪಕ್ಕ ನಿಂತವನ ಜೀವಕ್ಕೇ ಅಪಾಯ. ಆ ಒಂದು ಸಣ್ಣ ತೂತನ್ನು ಮರೆಯದೆ ಕೊರೆಯುವ ಹುಡುಗನಿಗೆ ಏನು ಸಂಬಳ ಕೊಡಬೇಕು ಅನ್ನುವುದನ್ನು ಯಾವ ಯೋಜನಾ ವರದಿಯೂ ಹೇಳುವುದಿಲ್ಲ. ಸತು ಹತ್ತಿದ ಮೇಲೆ ತಾರಸಿಯಲ್ಲಿ ಮತ್ತೆ ವೆಲ್ಡಿಂಗ್ ಮಾಡಬಾರದು. ಮಾಡಿದರೆ ಅಲ್ಲಿ ಸತು ಸುಟ್ಟು ಹೋಗಿ ಮೊದಲು ತುಕ್ಕು ಹಿಡಿಯುವುದೇ ಆ ಜಾಗ. ಬೋಲ್ಟ್‌ನಲ್ಲೇ ಜೋಡಿಸಬೇಕು. ಪ್ಯಾನೆಲ್ 25 ವರ್ಷ ಬಾಳುತ್ತದೆ ಅಂತ ಹೇಳಿ ಮಾರುತ್ತೇವೆ, ಅಲ್ವಾ? ಅದನ್ನು ಹೊತ್ತು ನಿಂತ ಕಬ್ಬಿಣವೂ ಅಷ್ಟೇ ವರ್ಷ ಬಾಳಬೇಕು.

ಒಂದು ಮನೆಗೆ ಎಷ್ಟು ಕೈ ಸೇರಿದವು ನೋಡಿ. ಅಳತೆ ತೆಗೆದವರು, ನಮ್ಮ ವೆಲ್ಡರ್, ಗ್ಯಾಲ್ವನೈಸಿಂಗ್‌ನವರು, ಟಾಟಾ ಏಸ್ ಓಡಿಸಿದವರು, ಸ್ಟ್ರಕ್ಚರ್ ಕಾಲಿಗೆ ಕಾಂಕ್ರೀಟ್ ಪೀಠ ಹಾಕಿದ ಗಾರೆಯವರು, ಪ್ಯಾನೆಲ್ ಬಿಗಿದ ಫಿಟ್ಟರ್, ವೈರಿಂಗ್ ಮಾಡಿದ ಎಲೆಕ್ಟ್ರಿಷಿಯನ್. ಎಲ್ಲರೂ ಇದೇ ಊರಿನಲ್ಲಿ ಬಾಡಿಗೆ ಕಟ್ಟುವವರು, ಇದೇ ಊರಿನಲ್ಲಿ ರೇಷನ್ ತರುವವರು.

ನಮ್ಮ ಶೆಡ್‌ನ ಒಬ್ಬ ವೆಲ್ಡರ್ ಪಾವಗಡ ತಾಲ್ಲೂಕಿನವನು. ಅಲ್ಲಿನ ಸೋಲಾರ್ ಪಾರ್ಕ್ ನಿಮಗೆ ಗೊತ್ತೇ ಇದೆ. ಐದು ಹಳ್ಳಿಗಳ 13,000 ಎಕರೆಯಲ್ಲಿ 2,050 ಮೆಗಾವ್ಯಾಟ್. ರೈತರಿಂದ ಜಮೀನು ಕಿತ್ತುಕೊಳ್ಳದೆ ಗುತ್ತಿಗೆಗೆ ತೆಗೆದುಕೊಂಡರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಮಳೆ ನಂಬಿ ಕಡಲೆಕಾಯಿ ಬಿತ್ತಿ ಕೈ ಸುಟ್ಟುಕೊಳ್ಳುತ್ತಿದ್ದ ಸೀಮೆಗೆ ಇದು ದೊಡ್ಡ ಆಸರೆ. ಇದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಗುತ್ತಿಗೆ ಹಣ ಬಂದದ್ದು ಜಮೀನು ಇದ್ದವರಿಗೆ. ಕಳೆ ಕೀಳುವ, ಕಾಯಿ ಬಿಡಿಸುವ ಕೂಲಿ ನಂಬಿದ್ದವರಿಗೆ ಆ ಕೂಲಿ ಹೋಯಿತು. ಪ್ಯಾನೆಲ್ ತೊಳೆಯುವುದು, ಹುಲ್ಲು ಕತ್ತರಿಸುವುದು, ಕಾವಲು ಕಾಯುವುದು ಬಿಟ್ಟರೆ ಅವರಿಗೆ ಒಳಗೆ ಬೇರೆ ಕೆಲಸ ಕಡಿಮೆ. ನಮ್ಮ ಹುಡುಗ ಊರು ಬಿಟ್ಟು ಲಗ್ಗೆರೆಯಲ್ಲಿ ರೂಮ್ ಮಾಡಿಕೊಂಡಿದ್ದಾನೆ. ಸೋಲಾರ್ ಕೆಲಸವೇ ಮಾಡುತ್ತಿದ್ದಾನೆ, ಆದರೆ ಜಗತ್ತಿನ ದೊಡ್ಡ ಸೋಲಾರ್ ಪಾರ್ಕ್‌ಗಳಲ್ಲಿ ಒಂದಿರುವ ತನ್ನ ತಾಲ್ಲೂಕಿನಲ್ಲಿ ಅಲ್ಲ. ಪಾರ್ಕ್ ಬೇಡ ಅಂತ ನಾನು ಹೇಳುತ್ತಿಲ್ಲ. ಕಾರ್ಖಾನೆಗಳಿಗೆ, ಪಂಪ್‌ಸೆಟ್‌ಗಳಿಗೆ ಅಷ್ಟು ದೊಡ್ಡ ಪ್ರಮಾಣದ ಕರೆಂಟ್ ಬೇಕೇ ಬೇಕು. ಕೆಲಸ ಕೊಡುವ ಲೆಕ್ಕದಲ್ಲಿ ಮಾತ್ರ ಅದನ್ನೇ ನೆಚ್ಚಿಕೊಂಡು ಕೂರಬಾರದು.

ಹಾಗಾದರೆ ಬೆಂಗಳೂರಿನ ತಾರಸಿಗಳು ಯಾಕೆ ಖಾಲಿ ಇವೆ? ಕೇಂದ್ರದ ಪಿಎಂ ಸೂರ್ಯಘರ್ ಯೋಜನೆ 2024ರ ಫೆಬ್ರುವರಿಯಲ್ಲಿ ಬಂತು. ಒಂದು ಕೋಟಿ ಮನೆ ಗುರಿ. ಮೂರು ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ. ಗುಜರಾತ್, ಮಹಾರಾಷ್ಟ್ರ, ಕೇರಳ ಮುಂದೆ ಹೋದವು. ನಾವು ಹಿಂದೆ ಉಳಿದೆವು. ಇದಕ್ಕೆ ಎರಡು ಕಾರಣ ನನಗೆ ದಿನಾ ಕಾಣುತ್ತವೆ.

ಮೊದಲನೆಯದು ಗೃಹಜ್ಯೋತಿ. 200 ಯೂನಿಟ್ ಒಳಗೆ ಬಿಲ್ಲೇ ಬಾರದ ಮನೆಯವರು ಸುಮ್ನೆ ಯಾಕೆ ಪ್ಯಾನೆಲ್ ಹಾಕಿಸುತ್ತಾರೆ? ನಮ್ಮ ಶೆಡ್‌ನಲ್ಲಿ ದುಡಿಯುವವರ ಮನೆಗಳಿಗೂ ಈ ಯೋಜನೆಯಿಂದ ತುಂಬಾ ಅನುಕೂಲ ಆಗಿದೆ. ಅದನ್ನು ತೆಗೆಯಿರಿ ಎನ್ನುವವರ ಗುಂಪಿಗೆ ನಾನು ಸೇರುವುದಿಲ್ಲ. ಸರ್ಕಾರ ಹೇಗೂ ಆ ಕರೆಂಟಿಗೆ ವರ್ಷ ವರ್ಷ ದುಡ್ಡು ಕಟ್ಟುತ್ತಿದೆ. ಅದರಲ್ಲಿ ಒಂದು ಪಾಲನ್ನು ಒಂದೇ ಸಲ ಆ ಮನೆಗಳ ತಾರಸಿಗೇ ಹಾಕಲಿ. ಮನೆಯವರಿಗೆ ಕರೆಂಟ್ ಪುಕ್ಕಟೆಯಾಗಿಯೇ ಇರುತ್ತದೆ. ಸರ್ಕಾರದ ಹೊರೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಹಾಕುವ ಕೆಲಸ ಆ ವಾರ್ಡಿನ ಹುಡುಗರಿಗೆ ಸಿಗುತ್ತದೆ.

ಎರಡನೆಯದು ಬೆಂಗಳೂರಿಗೇ ವಿಶೇಷವಾದದ್ದು. ಥರ್ಟಿ ಫಾರ್ಟಿ ಸೈಟ್, ಮೂರು ನಾಲ್ಕು ಅಂತಸ್ತು, ಮೇಲೆ ಕೆಳಗೆ ಬಾಡಿಗೆಯವರು, ಒಬ್ಬೊಬ್ಬರಿಗೆ ಒಂದೊಂದು ಮೀಟರ್. ತಾರಸಿ ಓನರ್‌ದು, ಬಿಲ್ಲು ಬಾಡಿಗೆಯವರದು. ದುಡ್ಡು ಹಾಕಬೇಕಾದವರಿಗೆ ಲಾಭ ಇಲ್ಲ, ಲಾಭ ಬೇಕಾದವರಿಗೆ ತಾರಸಿ ಇಲ್ಲ. ಒಂದು ತಾರಸಿಯ ಕರೆಂಟನ್ನು ಆ ಕಟ್ಟಡದ ಎಲ್ಲ ಮೀಟರ್‌ಗಳಿಗೂ ಯೂನಿಟ್ ಲೆಕ್ಕದಲ್ಲಿ ಹಂಚುವ ವ್ಯವಸ್ಥೆ ಸಾಮಾನ್ಯ ಓನರ್‌ಗೂ ಅರ್ಥವಾಗುವಷ್ಟು ಸರಳವಾಗಿ ಸಿಗಬೇಕು. ಅಪಾರ್ಟ್‌ಮೆಂಟ್‌ಗಳ ಲಿಫ್ಟ್, ಪಂಪ್‌ನಂಥ ಸಾಮಾನ್ಯ ಬಳಕೆಗೆ ಕಿಲೋವ್ಯಾಟ್‌ಗೆ 18,000 ರೂಪಾಯಿ ಸಬ್ಸಿಡಿ ಇದೆ. ಎಷ್ಟು ಸಂಘಗಳಿಗೆ ಇದು ಗೊತ್ತು? ನಮ್ಮ ಹತ್ತಿರ ವಿಚಾರಿಸಲು ಬರುವ ಎಷ್ಟೋ ಕಾರ್ಯದರ್ಶಿಗಳು ಮೊದಲ ಸಲ ಕೇಳುವುದು ನಮ್ಮ ಬಾಯಿಂದಲೇ.

ಪ್ಯಾನೆಲ್ ಹಾಕಿದ ಮನೆಗೆ ಒಳಗೆ ಬಂದ, ಹೊರಗೆ ಹೋದ ಕರೆಂಟ್ ಎರಡನ್ನೂ ಎಣಿಸುವ ಮೀಟರ್ ಬೇಕು, ಅದರ ವಿಷಯವೂ ಇದೆ. 2024ರಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿತು. 10 ಕಿಲೋವ್ಯಾಟ್‌ವರೆಗೆ ತಾಂತ್ರಿಕ ಪರಿಶೀಲನೆ ಬೇಡ, ಕೆಲಸ ಮುಗಿದ ಮೇಲೆ 15 ದಿನದೊಳಗೆ ಚಾಲೂ ಆಗಬೇಕು. ಒಳ್ಳೆಯ ನಿಯಮ. ಅದು ಎಲ್ಲ ಕಡೆಯೂ ಒಂದೇ ಥರ ನಡೆಯಬೇಕು. ಮೀಟರ್ ಬಾರದೆ ಪ್ಯಾನೆಲ್ ಬಿಸಿಲಲ್ಲಿ ಸುಮ್ಮನೆ ಕೂತಿದ್ದರೆ ಮನೆಯವರು ಪಕ್ಕದ ಮನೆಯವರಿಗೆ ಏನು ಹೇಳುತ್ತಾರೆ? ಒಂದು ಬೀದಿಯಲ್ಲಿ ಒಬ್ಬರಿಗೆ ಹಾಗಾದರೆ ಆ ಬೀದಿಯ ಆರ್ಡರ್ ಎಲ್ಲ ನಿಂತುಹೋಗುತ್ತದೆ.

ಇನ್ನು ಹುಡುಗರ ವಿಷಯ. ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿ ಬಂದವನಿಗೆ ಮನೆ ವೈರಿಂಗ್ ಗೊತ್ತಿರುತ್ತದೆ. ಸೋಲಾರ್‌ನಲ್ಲಿ ಬೇರೆಯೇ ಅಪಾಯ ಇದೆ. ಮನೆಯ ಮೇನ್ ಆಫ್ ಮಾಡಿದರೆ ಕರೆಂಟ್ ಹೋಗುತ್ತದೆ. ಬಿಸಿಲು ಇರುವ ತನಕ ಪ್ಯಾನೆಲ್‌ನಿಂದ ಬರುವ ವೈರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಆರು ಪ್ಯಾನೆಲ್ ಸಾಲಾಗಿ ಸೇರಿದರೆ 300 ವೋಲ್ಟ್ ಆಸುಪಾಸು ಡಿಸಿ. ಲೋಡ್ ಇರುವಾಗ ಕನೆಕ್ಟರ್ ಎಳೆದರೆ ಕಿಡಿ ಹಾರಿ ನಿಲ್ಲುವುದೇ ಇಲ್ಲ, ಕೈ ಸುಡುತ್ತದೆ. ಇದನ್ನು ಕಲಿಸದೆ ಹುಡುಗನನ್ನು ಮೇಲೆ ಹತ್ತಿಸುವುದು ತಪ್ಪು. ನಾಲ್ಕನೇ ಅಂತಸ್ತಿನ ಪ್ಯಾರಪೆಟ್ ಪಕ್ಕ ಸೇಫ್ಟಿ ಬೆಲ್ಟ್ ಇಲ್ಲದೆ ಸ್ಪ್ಯಾನರ್ ಹಿಡಿದು ನಿಂತವರನ್ನು ಈ ನಗರದಲ್ಲಿ ಎಷ್ಟೋ ಸಲ ನೋಡಿದ್ದೇನೆ. ಹೊಟ್ಟೆ ಕಿವುಚಿದಂತಾಗುತ್ತದೆ. ಹಸಿರು ಇಂಧನದ ಕೆಲಸ ಅಂತ ಹೆಮ್ಮೆ ಪಡುವ ಮೊದಲು ಆ ಬೆಲ್ಟ್ ಕೊಡಬೇಕು, ಇಎಸ್‌ಐ ಕೊಡಬೇಕು.

ಸೋಲಾರ್ ಕೆಲಸ ಕಲಿಸುವ ಕೇಂದ್ರದ ಸೂರ್ಯಮಿತ್ರ ತರಬೇತಿ 2015ರಿಂದ ಇದೆ. ಮೂರು ತಿಂಗಳದು. ನಮ್ಮ ರಾಜ್ಯ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಮೇಲ್ದರ್ಜೆಗೆ ಏರಿಸಿತು. ಕಟ್ಟಡ ಇದೆ, ಮಷೀನ್ ಇದೆ. ಪ್ರತಿ ಐಟಿಐ ತಾರಸಿ ಮೇಲೂ ಒಂದು ನಿಜವಾದ ಸೋಲಾರ್ ಘಟಕ ಹಾಕಿ, ಮಕ್ಕಳೇ ಅದನ್ನು ಬಿಚ್ಚಿ ಜೋಡಿಸಲಿ. ಕಾಲೇಜಿನ ಬಿಲ್ಲೂ ಇಳಿಯುತ್ತದೆ. ಹುಡುಗಿಯರನ್ನೂ ಕರೆಯಿರಿ. ನಮ್ಮ ತಂಡದಲ್ಲಿ ಒಬ್ಬಳು ಐಟಿಐ ಓದಿದ ಹುಡುಗಿ ಇದ್ದಾಳೆ. ಪ್ಯಾನೆಲ್‌ನ ಕರೆಂಟನ್ನು ಮನೆ ಬಳಕೆಯ ಕರೆಂಟಾಗಿ ಬದಲಿಸುವ ಇನ್ವರ್ಟರ್ ಕೂರಿಸುವುದು, ಅರ್ಥಿಂಗ್ ಅಳೆಯುವುದು ಅವಳ ಕೆಲಸ. ಮಧ್ಯಾಹ್ನ ಮನೆಯಲ್ಲಿ ಹೆಂಗಸರೇ ಇರುವಾಗ ಅವಳು ಹೋದರೆ ಒಳಗೆ ಕರೆದು ನೀರು ಕೊಟ್ಟು ಮಾತಾಡಿಸುತ್ತಾರೆ, ಮೀಟರ್ ಓದುವುದು ಹೇಗೆ ಅಂತ ಕೇಳಿ ಕಲಿಯುತ್ತಾರೆ.

ಹಾಕುವ ಕೆಲಸ ಕೆಲವೇ ದಿನದ್ದು, ನೋಡಿಕೊಳ್ಳುವ ಕೆಲಸ 25 ವರ್ಷದ್ದು. ಇದನ್ನು ಯಾರೂ ಹೇಳುವುದಿಲ್ಲ. ಪೀಣ್ಯ, ತುಮಕೂರು ರಸ್ತೆ ಕಡೆ ಪ್ಯಾನೆಲ್ ಮೇಲೆ ಧೂಳು ಗಟ್ಟಿಯಾಗಿ ಕೂರುತ್ತದೆ. ಪಾರಿವಾಳದ ಹಿಕ್ಕೆ ಒಂದೇ ಜಾಗದಲ್ಲಿ ಬಿದ್ದರೆ ಆ ಸೆಲ್ ಬಿಸಿಯಾಗಿ ಹಾಳಾಗುತ್ತದೆ. ಬೋರ್‌ವೆಲ್ ಗಡಸು ನೀರಿನಲ್ಲಿ ತೊಳೆದರೆ ಬಿಳಿ ಕಲೆ. ಬಿಸಿಲು ಏರುವ ಮುಂಚೆ, ಒಳ್ಳೆಯ ನೀರಿನಲ್ಲಿ, ಮೆತ್ತನೆ ಬ್ರಷ್‌ನಲ್ಲಿ ತೊಳೆಯಬೇಕು. ಇನ್ವರ್ಟರ್ ಪ್ಯಾನೆಲ್‌ನಷ್ಟು ವರ್ಷ ಬಾಳುವುದಿಲ್ಲ, ರಿಪೇರಿಗೆ ಬಂದೇ ಬರುತ್ತದೆ. ಎಸ್‌ಪಿ ರೋಡ್‌ನಲ್ಲಿ ಎಂಥ ಬೋರ್ಡನ್ನಾದರೂ ಬಿಚ್ಚಿ ಸರಿಮಾಡುವ ಹುಡುಗರಿದ್ದಾರೆ. ಕಂಪನಿಗಳು ಸರ್ಕ್ಯೂಟ್ ವಿವರ, ಬಿಡಿಭಾಗ ಕೊಟ್ಟರೆ ಅವರಿಗೆ ಜೀವನ ಪೂರ್ತಿ ಕೆಲಸ. ಸಬ್ಸಿಡಿ ಕೊಡುವ ಸರ್ಕಾರ ಈ ಒಂದು ಷರತ್ತು ಹಾಕಬಹುದಲ್ಲ?

ನನಗೆ ನೋವು ಕೊಡುವ ಇನ್ನೊಂದು ಮಾತು. ದೇಶದಲ್ಲೇ ಮೊದಲು ಎಲೆಕ್ಟ್ರಿಕ್ ವಾಹನ ನೀತಿ ತಂದ ರಾಜ್ಯ ನಮ್ಮದು, 2017ರಲ್ಲಿ. ಎಲೆಕ್ಟ್ರಿಕ್ ಸ್ಕೂಟರ್ ಕಂಪನಿಗಳಾದ ಏಥರ್ ಇರುವುದು ಬೆಂಗಳೂರಿನಲ್ಲಿ, ಓಲಾ ಎಲೆಕ್ಟ್ರಿಕ್ ಇರುವುದು ಬೆಂಗಳೂರಿನಲ್ಲಿ. ಸ್ಕೂಟರ್ ತಯಾರಾಗುವುದು ಹೊಸೂರಿನಲ್ಲಿ, ಕೃಷ್ಣಗಿರಿಯಲ್ಲಿ. ಎಂಜಿನಿಯರ್ ಕೆಲಸ ಇಲ್ಲಿ ಉಳಿಯಿತು, ಶಿಫ್ಟ್ ಕೆಲಸ ಗಡಿ ದಾಟಿತು. ಅಲ್ಲಿನವರು ಜಾಗ, ನೀರು, ರಸ್ತೆ ಬೇಗ ಕೊಟ್ಟರು, ಅವರ ಮೇಲೆ ನನಗೆ ಸಿಟ್ಟಿಲ್ಲ. ಪೀಣ್ಯದಲ್ಲಿ ಮಳೆ ಬಂದರೆ ಲಾರಿ ಹೂತುಕೊಳ್ಳುವ ರಸ್ತೆಗಳು ಇನ್ನೂ ಇವೆ. ಒಂದು ಚರಂಡಿ ಸರಿಮಾಡಿದರೂ ಅದು ಕೆಲಸ ಉಳಿಸುವ ನೀತಿಯೇ.

ಕೊನೆಗೆ ದುಡ್ಡಿನ ಮಾತು. ಸಣ್ಣ ಉದ್ದಿಮೆಗಳಿಗೆ ಹೆಚ್ಚೆಂದರೆ 45 ದಿನದೊಳಗೆ ಬಾಕಿ ಕೊಡಬೇಕು ಅಂತ 2006ರ ಎಂಎಸ್‌ಎಂಇ ಕಾಯ್ದೆಯೇ ಹೇಳುತ್ತದೆ. ದೊಡ್ಡ ಗುತ್ತಿಗೆದಾರ ಕಂಪನಿಯೊಂದು ನಮ್ಮ ಬಿಲ್ಲನ್ನು ತಿಂಗಳುಗಟ್ಟಲೆ ಎಳೆದದ್ದರಿಂದ ಒಂದು ದಸರಾಕ್ಕೆ ನಾನು ಒಡವೆ ಇಟ್ಟು ಬೋನಸ್ ಕೊಟ್ಟೆ. ಕೇಸ್ ಹಾಕಿದರೆ ಮುಂದಿನ ಆರ್ಡರ್ ಬರುವುದಿಲ್ಲ ಅನ್ನುವ ಭಯಕ್ಕೆ ನಮ್ಮಂಥವರು ಬಾಯಿ ಮುಚ್ಚಿಕೊಂಡಿರುತ್ತೇವೆ. ಸರ್ಕಾರಿ ಕಟ್ಟಡಗಳ ಸೋಲಾರ್ ಟೆಂಡರ್‌ನಲ್ಲಾದರೂ, ಕೆಳಗಿನ ಸಣ್ಣ ಶೆಡ್‌ಗಳಿಗೆ ಬಾಕಿ ಕೊಟ್ಟ ರಸೀದಿ ತೋರಿಸಿದ ಮೇಲೆಯೇ ಮುಂದಿನ ಕಂತು ಬಿಡುಗಡೆ ಮಾಡಲಿ. ಇದಕ್ಕೆ ಖಜಾನೆಯಿಂದ ಒಂದು ರೂಪಾಯಿಯೂ ಹೆಚ್ಚು ಬೇಕಾಗಿಲ್ಲ.

ನಮ್ಮ ಶೆಡ್‌ನಲ್ಲಿ ಈಗ ಇಬ್ಬರು ಅಪ್ರೆಂಟಿಸ್‌ಗಳಿಗೆ ಜಾಗ ಇದೆ. ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್ ಯಾವ ಟ್ರೇಡ್ ಆದರೂ ಆಗುತ್ತದೆ. ಸ್ಟೈಪೆಂಡ್ ಕೊಡುತ್ತೇವೆ, ಮಧ್ಯಾಹ್ನದ ಊಟ ಕೊಡುತ್ತೇವೆ. ಹುಡುಗಿಯರು ಬಂದರೆ ಸಂತೋಷ. ಆಸಕ್ತಿ ಇರುವವರು ನಿಮ್ಮ ಕಚೇರಿಗೆ ಬರೆದರೆ ದಯವಿಟ್ಟು ನಮಗೆ ತಲುಪಿಸಿ. ಮೊದಲ ವಾರ ಸುಮ್ನೆ ನೋಡಿಕೊಂಡಿರಲಿ, ಮೇಲೆ ಹತ್ತಿಸುವುದು ಬೆಲ್ಟ್ ಕಟ್ಟುವುದನ್ನು ಕಲಿತ ಮೇಲೆಯೇ.

ಇತಿ,
ಫ್ಯಾಬ್ರಿಕೇಷನ್ ಶೆಡ್ ನಡೆಸುವ ಓದುಗರೊಬ್ಬರು
ಪೀಣ್ಯ 2ನೇ ಹಂತ, ಬೆಂಗಳೂರು